ಮನೆ ಕೊಳ್ಳುವ ಮುನ್ನ: ದೊಡ್ಡಬಳ್ಳಾಪುರದ ಸುತ್ತಮುತ್ತಲಿನ ಪ್ರಶ್ನೆಗಳು

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ದೊಡ್ಡಬಳ್ಳಾಪುರದಲ್ಲಿ ಮನೆ ಕೊಳ್ಳಲು ಹೊರಟವರವು. ಬೆಂಗಳೂರಿನಿಂದ ಸುಮಾರು ನಲವತ್ತು ಕಿಲೋಮೀಟರ್ ದೂರದ ಈ ಊರು ಮೊದಲಿನಿಂದ ಮಗ್ಗಕ್ಕೂ, ಪಕ್ಕದ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೂ ಹೆಸರಾದದ್ದು. ಈಗ ಕೈಗಾರಿಕಾ ಪ್ರದೇಶ, ದೇವನಹಳ್ಳಿಯ ವಿಮಾನ ನಿಲ್ದಾಣ ಮತ್ತು ಉಪನಗರ ವರ್ತುಲ ರಸ್ತೆಯ ದೆಸೆಯಿಂದ ನಗರದ ಬಾಡಿಗೆ ಮನೆಗಳಲ್ಲಿರುವವರ ಕಣ್ಣು ಇತ್ತ ಬಿದ್ದಿದೆ. ಇದೇ ಊರಿನಲ್ಲಿ ವಾಸವಾಗಿದ್ದು, ಪರರ ಆಸ್ತಿಪತ್ರಗಳನ್ನು ಓದುವುದನ್ನೇ ಕಸುಬು ಮಾಡಿಕೊಂಡಿರುವ ವಕೀಲನಾದ್ದರಿಂದ ಉತ್ತರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ.

ಪ್ರಶ್ನೆ: ಯಲಹಂಕದಲ್ಲಿ ಹನ್ನೊಂದು ವರ್ಷದಿಂದ ಬಾಡಿಗೆಗೆ ಇದ್ದೇವೆ. ದೊಡ್ಡಬಳ್ಳಾಪುರದ ಅಂಚಿನ ಗ್ರಾಮ ಪಂಚಾಯಿತಿಯೊಂದರ ಬಡಾವಣೆಯಲ್ಲಿ 30×40 ಅಡಿ ನಿವೇಶನದ ಹೊಸ ಮನೆಗೆ 62 ಲಕ್ಷ ರೂಪಾಯಿ ಕೇಳುತ್ತಿದ್ದಾರೆ. ಇ-ಸ್ವತ್ತು ಖಾತೆ ಇದೆ, ಕಂದಾಯ ಕಟ್ಟಿದ ರಸೀದಿಯೂ ಇದೆ, ಇನ್ನೇನು ಬೇಕು ಎನ್ನುತ್ತಾರೆ ದಲ್ಲಾಳಿಗಳು. ಖಾತೆಯ ಮೇಲೆ ‘ನಮೂನೆ 11ಬಿ’ ಎಂದಿದೆ. ಕೊಳ್ಳಬಹುದೇ?

ಉತ್ತರ: ನೀವು ಪತ್ರದ ಕೊನೆಯಲ್ಲಿ ಬರೆದಿರುವ ‘11ಬಿ’ ಎಂಬ ಮಾತಿನಲ್ಲಿಯೇ ಎಲ್ಲ ಪ್ರಶ್ನೆಯೂ ಅಡಗಿದೆ. ಭೂ ಪರಿವರ್ತನೆಯಾಗಿ, ಎಂದರೆ ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು ಆದೇಶವಾಗಿ, ಯೋಜನಾ ಪ್ರಾಧಿಕಾರದ ಅನುಮೋದನೆ ಪಡೆದ ಬಡಾವಣೆಯ ಸ್ವತ್ತಿಗೆ ಅಥವಾ ಗ್ರಾಮಠಾಣೆಯೊಳಗಿನ (ಹಳ್ಳಿಯ ಮೂಲ ವಸತಿ ಜಾಗದ) ಮನೆಗೆ ಪಂಚಾಯಿತಿಯು ನಮೂನೆ 9 ಮತ್ತು 11ಎ ಕೊಡುತ್ತದೆ. ಈ ಕ್ರಮದಲ್ಲಿ ರೂಪುಗೊಳ್ಳದ, ಸಾಮಾನ್ಯ ಮಾತಿನಲ್ಲಿ ‘ರೆವಿನ್ಯೂ ಸೈಟು’ ಎನ್ನುವ ಸ್ವತ್ತನ್ನು ತೆರಿಗೆ ವಸೂಲಿಗಾಗಿ ದಾಖಲಿಸುವುದು 11ಬಿಯಲ್ಲಿ. ಎರಡೂ ಕಂಪ್ಯೂಟರಿನಿಂದಲೇ ಬರುತ್ತವೆ, ಎರಡರ ಮೇಲೂ ಡಿಜಿಟಲ್ ಸಹಿ ಇರುತ್ತದೆ, ಎರಡನ್ನೂ ದಲ್ಲಾಳಿಗಳು ‘ಇ-ಖಾತಾ’ ಎಂದೇ ಕರೆಯುತ್ತಾರೆ. ಆದರೆ ಖಾತೆಯೆಂಬುದು ತೆರಿಗೆ ಕಟ್ಟಬೇಕಾದವರು ಯಾರು ಎಂದು ಹೇಳುವ ದಾಖಲೆಯೇ ಹೊರತು, ಮಾಲೀಕರು ಯಾರು ಎಂದು ಸ್ಥಾಪಿಸುವ ದಾಖಲೆಯಲ್ಲ. ಕಂದಾಯದ ರಸೀದಿಯೂ ಅಷ್ಟೇ.

ಆದ್ದರಿಂದ ಖಾತೆಯನ್ನು ಬದಿಗಿಟ್ಟು ಹಿಂದಕ್ಕೆ ನಡೆಯಿರಿ. ಆ ಜಮೀನಿನ ಸರ್ವೆ ನಂಬರು ಯಾವುದು, ಅದಕ್ಕೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಪರಿವರ್ತನೆಯ ಆದೇಶ ಆಗಿದೆಯೇ, ಆಗಿದ್ದರೆ ಎಷ್ಟು ಗುಂಟೆಗೆ, ಯಾವ ಉದ್ದೇಶಕ್ಕೆ ಎಂಬುದನ್ನು ಮೊದಲು ನೋಡಬೇಕು. ಪರಿವರ್ತನೆ ಆದಮಾತ್ರಕ್ಕೆ ಬಡಾವಣೆ ಸಕ್ರಮವಾಗುವುದಿಲ್ಲ. ವಿನ್ಯಾಸ ನಕ್ಷೆಗೆ ದೊಡ್ಡಬಳ್ಳಾಪುರ ಯೋಜನಾ ಪ್ರಾಧಿಕಾರ ಅನುಮೋದನೆ ಕೊಟ್ಟಿರಬೇಕು, ರಸ್ತೆ ಮತ್ತು ಉದ್ಯಾನದ ಜಾಗವನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ಪತ್ರ ನೋಂದಣಿಯಾಗಿರಬೇಕು, ನೀವು ಕೊಳ್ಳುವ ನಿವೇಶನದ ಸಂಖ್ಯೆ ಪ್ರಾಧಿಕಾರದ ಬಿಡುಗಡೆ ಪತ್ರದಲ್ಲಿರಬೇಕು. ಪಂಚಾಯಿತಿಯ ಮೊಹರು ಹಾಕಿದ ನೀಲಿ ನಕ್ಷೆಯನ್ನು ತೋರಿಸಿ ‘ಅಪ್ರೂವ್ಡ್’ ಎನ್ನುವವರಿದ್ದಾರೆ. ಬಡಾವಣೆಗೆ ಅನುಮೋದನೆ ನೀಡುವ ಅಧಿಕಾರ ಪಂಚಾಯಿತಿಗೆ ಇಲ್ಲ.

ಆಮೇಲೆ ಮೂಲಪತ್ರ. ಈ ತಾಲ್ಲೂಕಿನಲ್ಲಿ ದರಖಾಸ್ತಿನಲ್ಲಿ, ಎಂದರೆ ಸರ್ಕಾರಕ್ಕೆ ಅರ್ಜಿ ಹಾಕಿ, ಮಂಜೂರಾದ ಜಮೀನುಗಳು ಬೇಕಾದಷ್ಟಿವೆ. ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡಿದ್ದರೆ 1978ರ ಪಿಟಿಸಿಎಲ್ (ಇಂಥ ಜಮೀನುಗಳ ಪರಭಾರೆ ನಿಷೇಧ) ಕಾಯ್ದೆಯ ಪ್ರಕಾರ ಆ ಕ್ರಯ ಊರ್ಜಿತವಲ್ಲ, ಜಮೀನು ಮೂಲ ಮಂಜೂರಾತಿದಾರರ ಕುಟುಂಬಕ್ಕೆ ಹಿಂತಿರುಗಬಹುದು. ಇಷ್ಟು ವರ್ಷ ಕಳೆದ ಮೇಲೆ ಅರ್ಜಿ ಹಾಕುವಂತಿಲ್ಲ ಎಂಬ ವಾದಕ್ಕೆ 2023ರ ತಿದ್ದುಪಡಿಯ ನಂತರ ಹಿಂದಿನ ಬಲವಿಲ್ಲ. ಹಳೆಯ ಕೈಬರಹದ ಪಹಣಿಯಲ್ಲಿ ‘ಮಂಜೂರು’ ಅಥವಾ ‘ದರಖಾಸ್ತು’ ಎಂಬ ಪದ ಕಂಡರೆ ಸಾಗುವಳಿ ಚೀಟಿಯ (ಮಂಜೂರಾತಿ ಪತ್ರದ) ನಕಲನ್ನು ಕೇಳಿ, ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ ಪ್ರಕರಣವೇನಾದರೂ ಇದೆಯೇ ಎಂದು ಹಿಂಬರಹ ಪಡೆಯಿರಿ. ಋಣಭಾರ ಪತ್ರದಲ್ಲಿ (ಇಸಿ) ಇವೆಲ್ಲ ಕಾಣುತ್ತವೆ ಎಂದುಕೊಳ್ಳಬೇಡಿ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಮನೆಯಿಂದಲೇ ಸಿಗುವ ಇಸಿ 2004ರಿಂದ ಈಚಿನದು. ಅದಕ್ಕೆ ಹಿಂದಿನದನ್ನು ಉಪನೋಂದಣಿ ಕಚೇರಿಯಲ್ಲಿ ಹುಡುಕಿಸಬೇಕು. ಅದರಲ್ಲಿಯೂ ನೋಂದಣಿಯಾದ ವ್ಯವಹಾರ ಮಾತ್ರ ಕಾಣುತ್ತದೆ. ನೋಂದಣಿಯಾಗದ ಪಂಚಾಯಿತಿ ಪಾರಿಕತ್ತು (ಪಾಲುಪಟ್ಟಿ), ಉಯಿಲು, ಕೋರ್ಟಿನಲ್ಲಿರುವ ದಾವೆ ಇವಾವುವೂ ಅದರೊಳಗೆ ಬರುವುದಿಲ್ಲ. ಜೊತೆಗೆ ಸರ್ಕಾರದ ಭೂನಕ್ಷೆ ತೋರಿಸುವ ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರು ಹಾಕಿ, ನಿವೇಶನದ ಮಗ್ಗುಲಲ್ಲಿ ಕೆರೆಯಂಗಳವೋ ರಾಜಕಾಲುವೆಯೋ ಹಾದಿದೆಯೇ ಎಂದು ನೋಡಿಬಿಡಿ. ಅದಕ್ಕೆ ಐದು ನಿಮಿಷ ಸಾಕು.

ನಿಮ್ಮ ಪ್ರಶ್ನೆಗೆ ನೇರ ಉತ್ತರ: 11ಬಿ ಮಾತ್ರ ಇದ್ದು, ಅನುಮೋದಿತ ನಕ್ಷೆ ಇಲ್ಲದಿದ್ದರೆ ನಾನಾದರೆ 62 ಲಕ್ಷ ಕೊಡುವುದಿಲ್ಲ. ‘ಮುಂದೆ ಅಕ್ರಮ-ಸಕ್ರಮದಲ್ಲಿ ಸರಿಹೋಗುತ್ತದೆ’ ಎಂದು ಹೇಳಿದರೆ, ದಂಡ ಕಟ್ಟಿಸಿಕೊಂಡು ಅಕ್ರಮ ಕಟ್ಟಡ-ಬಡಾವಣೆಗಳನ್ನು ಸಕ್ರಮ ಮಾಡುವ ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿಯೇ ತಡೆ ನೀಡಿತ್ತೆಂಬುದನ್ನು ನೆನಪಿಸಿ.

ಪ್ರಶ್ನೆ: ಅದೇ 62 ಲಕ್ಷದ ಮನೆ ನಗರಸಭೆಯ ವ್ಯಾಪ್ತಿಯಲ್ಲಿ, ಸರಿಯಾದ ಖಾತೆಯೊಂದಿಗೆ ಸಿಕ್ಕರೆ ಕೈಯಲ್ಲಿ ಎಷ್ಟು ಹಣ ಇರಬೇಕು?

ಉತ್ತರ: ಮುದ್ರಾಂಕ ಶುಲ್ಕ ಶೇ 5ರಂತೆ 3,10,000 ರೂಪಾಯಿ. ಅದರ ಮೇಲೆ ಶೇ 10 ಉಪಕರ 31,000, ಶೇ 2 ಅಧಿಭಾರ 6,200. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿರುವುದರಿಂದ 1,24,000. ಒಟ್ಟು 4,71,200. ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ಬೆಲೆ ಕ್ರಯದ ಬೆಲೆಗಿಂತ ಹೆಚ್ಚಿದ್ದರೆ ಮಾರ್ಗಸೂಚಿ ಬೆಲೆಯ ಮೇಲೆಯೇ ಲೆಕ್ಕ. ರಿಸರ್ವ್ ಬ್ಯಾಂಕಿನ ನಿಯಮದಂತೆ 30ರಿಂದ 75 ಲಕ್ಷದವರೆಗಿನ ಗೃಹಸಾಲ ಆಸ್ತಿಯ ಮೌಲ್ಯದ ಶೇ 80ನ್ನು ಮೀರುವಂತಿಲ್ಲ, ನೋಂದಣಿಯ ಖರ್ಚು ಆ ಮೌಲ್ಯದಲ್ಲಿ ಸೇರುವುದಿಲ್ಲ. ಹಾಗಾಗಿ ಸಾಲ ಹೆಚ್ಚೆಂದರೆ 49.6 ಲಕ್ಷ. ಉಳಿದ 12.4 ಲಕ್ಷಕ್ಕೆ ನೋಂದಣಿಯ ಖರ್ಚು ಸೇರಿಸಿದರೆ ಹದಿನೇಳು ಲಕ್ಷದ ಮೇಲೆ ನಿಮ್ಮ ಸ್ವಂತ ಹಣವೇ ಬೇಕು. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಾದ್ದರಿಂದ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1, ಅಂದರೆ 62,000 ರೂಪಾಯಿಯನ್ನು ಟಿಡಿಎಸ್ ಆಗಿ ಹಿಡಿದು ಆದಾಯ ತೆರಿಗೆ ಇಲಾಖೆಗೆ ಕಟ್ಟುವ ಹೊಣೆ ಕೊಳ್ಳುವವರದು. ಇದನ್ನು ಮರೆತು ನೋಟಿಸು ಬಂದ ಮೇಲೆ ನನ್ನ ಬಳಿಗೆ ಬಂದವರು ಕಡಿಮೆಯಿಲ್ಲ.

ಪ್ರಶ್ನೆ: ಪಟ್ಟಣದೊಳಗಿನ ಹಳೆಯ ಮನೆಯೊಂದನ್ನು ಇಬ್ಬರು ಅಣ್ಣತಮ್ಮಂದಿರು ಮಾರುತ್ತಿದ್ದಾರೆ. ತಂದೆಯ ಕಾಲದ ಮನೆ, ಉಯಿಲು ಬರೆದಿಟ್ಟಿಲ್ಲ. ಇಬ್ಬರು ಸಹೋದರಿಯರಿದ್ದಾರೆ, ‘ಮದುವೆ ಮಾಡಿ ಅರಿಶಿನ-ಕುಂಕುಮ ಕೊಟ್ಟು ಕಳಿಸಿದ್ದೇವೆ, ಬೇಕಾದರೆ ಸಾಕ್ಷಿ ಸಹಿ ಹಾಕುತ್ತಾರೆ’ ಎನ್ನುತ್ತಾರೆ. ಅಷ್ಟು ಸಾಕೇ?

ಉತ್ತರ: ಸಾಲದು. ಮನೆ ತಂದೆಯ ಸ್ವಯಾರ್ಜಿತವಾಗಿದ್ದರೆ, ಉಯಿಲಿಲ್ಲದೆ ತೀರಿಕೊಂಡ ಹಿಂದೂ ತಂದೆಯ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ಪಿತ್ರಾರ್ಜಿತವಾಗಿದ್ದರೆ 2005ರ ತಿದ್ದುಪಡಿ ಮಗಳನ್ನೂ ಹುಟ್ಟಿನಿಂದಲೇ ಸಮಾನ ಹಕ್ಕುದಾರಳನ್ನಾಗಿ ಮಾಡಿದೆ, ಆ ಹಕ್ಕಿಗೆ 2005ರಲ್ಲಿ ತಂದೆ ಬದುಕಿರಬೇಕೆಂಬ ಷರತ್ತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಸಾಕ್ಷಿಯಾಗಿ ಸಹಿ ಹಾಕಿದವರು ಪತ್ರಕ್ಕೆ ಸಹಿ ಬಿದ್ದದ್ದನ್ನು ಕಂಡವರಷ್ಟೇ. ತಮ್ಮ ಪಾಲನ್ನು ಬಿಟ್ಟುಕೊಟ್ಟವರಲ್ಲ. ಸಹೋದರಿಯರಿಬ್ಬರೂ ಕ್ರಯಪತ್ರದಲ್ಲಿ ಮಾರಾಟಗಾರರಾಗಿಯೇ ಸೇರಬೇಕು, ಇಲ್ಲವೇ ಮೊದಲು ಹಕ್ಕು ಬಿಡುಗಡೆ ಪತ್ರವನ್ನು ನೋಂದಣಿ ಮಾಡಿಸಿಕೊಡಬೇಕು. ತಾಯಿ ಇದ್ದರೆ ತಾಯಿಯೂ. ವಂಶವೃಕ್ಷವನ್ನು ನಾಡಕಚೇರಿಯಿಂದ ಪಡೆದದ್ದೇ ನೋಡಿ, ಛಾಪಾ ಕಾಗದದ ಮೇಲೆ ತಾವೇ ಬರೆದುಕೊಂಡದ್ದನ್ನು ಒಪ್ಪಬೇಡಿ.

ಒಂದು ಮಾತು ಸೇರಿಸುತ್ತೇನೆ. ಸಹೋದರಿಯರನ್ನು ನೀವೇ ಒಮ್ಮೆ ಕಂಡು ಮಾತನಾಡಿ. ಸಹಿ ಹಾಕಲು ಬಂದ ಹೆಣ್ಣುಮಕ್ಕಳೊಬ್ಬರು ಉಪನೋಂದಣಿ ಕಚೇರಿಯ ಜಗುಲಿಯಲ್ಲಿ ಕುಳಿತು, ‘ಎಷ್ಟಕ್ಕೆ ಮಾರ್ತಿದ್ದಾರೆ ಸಾರ್?’ ಎಂದು ನನ್ನನ್ನೇ ಕೇಳಿದ್ದರು. ಅವರಿಗೆ ಬೆಲೆಯನ್ನೇ ಯಾರೂ ಹೇಳಿರಲಿಲ್ಲ. ಆ ದಿನ ನೋಂದಣಿ ಆಗಲಿಲ್ಲ. ಮೂರು ತಿಂಗಳ ನಂತರ ಪಾಲು ಸರಿಯಾಗಿ ಹಂಚಿಕೆಯಾದ ಮೇಲೆ ಆಯಿತು, ಇವತ್ತಿಗೂ ಆ ಮನೆಯ ಮೇಲೆ ತಕರಾರಿಲ್ಲ.

ಪ್ರಶ್ನೆ: ನೇಕಾರರ ಬೀದಿಯಲ್ಲಿ ಮನೆಯೊಂದು ಒಪ್ಪಿಗೆಯಾಗಿದೆ, ಕಾಗದಪತ್ರಗಳೂ ಸರಿಯಿವೆ. ಆದರೆ ಎರಡೂ ಪಕ್ಕದಲ್ಲಿ ವಿದ್ಯುತ್ ಮಗ್ಗಗಳಿವೆ. ಸದ್ದಿಲ್ಲದ ಹೊರಗಿನ ಬಡಾವಣೆಯೇ ಮೇಲಲ್ಲವೇ? ನೀರಿನ ಪರಿಸ್ಥಿತಿಯನ್ನೂ ತಿಳಿಸಿ.

ಉತ್ತರ: ನೀವು ಮನೆ ನೋಡಲು ಹೋದದ್ದು ಮಗ್ಗ ನಿಂತಿದ್ದ ಹೊತ್ತಿನಲ್ಲಿರಬಹುದು. ವಾರದ ನಡುವೆ, ಹಗಲಿನಲ್ಲೊಮ್ಮೆ ಸಂಜೆಯ ಮೇಲೊಮ್ಮೆ ಹೋಗಿ, ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಕಾಲು ಗಂಟೆ ಕುಳಿತುಕೊಳ್ಳಿ. ಗೋಡೆಗೆ ಅಂಗೈ ಒತ್ತಿ ನೋಡಿ. ಪಕ್ಕದ ಮನೆಗೂ ನಿಮಗೂ ಒಂದೇ ಗೋಡೆಯಾಗಿದ್ದರೆ ಲಾಳಿಯ ಹೊಡೆತ ಕೈಗೆ ತಿಳಿಯುತ್ತದೆ, ಮೇಜಿನ ಮೇಲಿಟ್ಟ ಲೋಟದ ನೀರಿನಲ್ಲಿ ಸಣ್ಣ ಉಂಗುರಗಳು ಏಳುತ್ತವೆ. ನಡುವೆ ಮೂರಡಿ ಸಂದಿಯಿದ್ದರೆ ಅದು ಬರಿಯ ಸದ್ದಾಗುತ್ತದೆ, ಸದ್ದಿಗೆ ಕಿವಿ ಹೊಂದಿಕೊಳ್ಳುತ್ತದೆ. ನಾನು ಇಂಥ ಬೀದಿಗೆ ಬಂದ ಹೊಸದರಲ್ಲಿ ಮಗ್ಗದ ಸದ್ದಿಗೆ ಎಚ್ಚರವಾಗುತ್ತಿತ್ತು. ಈಗ ಕರೆಂಟು ಹೋಗಿ ಇಡೀ ಬೀದಿಯ ಮಗ್ಗಗಳು ಒಟ್ಟಿಗೆ ನಿಂತರೆ ಎಚ್ಚರವಾಗುತ್ತದೆ. ಮನೆಯಲ್ಲಿ ಹಸುಗೂಸೋ ಹೃದ್ರೋಗಿಗಳೋ ಇದ್ದರೆ ಮಾತು ಬೇರೆ. ಒಂದಂತೂ ನಿಜ: ಮಗ್ಗ ನಿಮಗಿಂತ ಮೊದಲೇ ಅಲ್ಲಿತ್ತು. ಮನೆ ಕೊಂಡ ಮೇಲೆ ದೂರು ಕೊಟ್ಟು ನಿಲ್ಲಿಸುತ್ತೇನೆಂಬ ಎಣಿಕೆಯಿದ್ದರೆ ಕೊಳ್ಳಬೇಡಿ, ಅದು ಪಕ್ಕದ ಮನೆಯ ಅನ್ನ.

ಇನ್ನು ನೀರು. ಪಟ್ಟಣಕ್ಕೆ ಜಕ್ಕಲಮಡುಗು ಜಲಾಶಯದ ನೀರೂ ಕೊಳವೆಬಾವಿಗಳ ನೀರೂ ಆಧಾರ. ನಗರಸಭೆಯ ನಲ್ಲಿಯಲ್ಲಿ ದಿನವೂ ನೀರು ಬರುವುದಿಲ್ಲ, ಆದರೆ ನಲ್ಲಿಯಾದರೂ ಇದೆ. ಹೊರಗಿನ ಬಡಾವಣೆಗಳಲ್ಲಿ ಬಹುತೇಕ ಒಂದೋ ಎರಡೋ ಕೊಳವೆಬಾವಿಗಳೇ ಗತಿ. ಅವುಗಳ ಆಳವೆಷ್ಟು, ಮೋಟಾರು ಸುಟ್ಟರೆ ಹಣ ಯಾರು ಹಾಕುತ್ತಾರೆ, ಬಡಾವಣೆಯನ್ನು ಪಂಚಾಯಿತಿಗೆ ಹಸ್ತಾಂತರ ಮಾಡಿದ್ದಾರೆಯೇ ಎಂದು ಅಲ್ಲಿ ವಾಸವಿರುವವರನ್ನೇ ಕೇಳಿ. ಏಪ್ರಿಲ್ ತಿಂಗಳಲ್ಲಿ ಟ್ಯಾಂಕರಿಗೆ ಎಷ್ಟು ಕೊಟ್ಟಿರೆಂದು ಕೇಳಿದರೆ ಹೆಂಗಸರು ಲೆಕ್ಕ ಸಮೇತ ಹೇಳುತ್ತಾರೆ, ಗಂಡಸರಿಗೆ ನೆನಪಿರುವುದಿಲ್ಲ.

ನೀರಿನ ಗುಣವನ್ನೂ ಪರೀಕ್ಷಿಸಬೇಕು. ಅರ್ಕಾವತಿ ಕಣಿವೆಯ ದೊಡ್ಡತುಮಕೂರು ಮತ್ತು ಮಜರಾಹೊಸಹಳ್ಳಿ ಕೆರೆಗಳಿಗೆ ನಗರದ ಕೊಳಚೆ ಮತ್ತು ಕಾರ್ಖಾನೆಗಳ ತ್ಯಾಜ್ಯ ಸೇರುತ್ತಿದೆಯೆಂದು ಆ ಗ್ರಾಮಗಳ ಜನ ಬಹುಕಾಲದಿಂದ ಹೋರಾಡುತ್ತಿದ್ದಾರೆ. ಅತ್ತ ಕಡೆ ಮನೆ ನೋಡುವವರು ಮುಂಗಡ ಕೊಡುವ ಮೊದಲೇ ಕೊಳವೆಬಾವಿಯ ನೀರನ್ನು ಪ್ರಯೋಗಾಲಯಕ್ಕೆ ಕೊಡುವುದು ಒಳ್ಳೆಯದು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು, ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ತಾರಸಿ ನೀರು ಹಿಡಿಯುವ ವ್ಯವಸ್ಥೆ ಇದ್ದರೆ ಬಹಳ ಅನುಕೂಲ: 1,000 ಚದರಡಿ ತಾರಸಿಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 2,300 ಲೀಟರ್ ನೀರು, ಸೋರಿ ಆರಿ ಹೋದದ್ದನ್ನು ಕಳೆದರೂ ಸಾವಿರದ ಎಂಟುನೂರು ಲೀಟರಿನಷ್ಟು ಸಂಪಿಗೆ ಬರುತ್ತದೆ.

ಎರಡರಲ್ಲಿ ಒಂದನ್ನು ಆರಿಸಿ ಎಂದರೆ ನಾನು ಮಗ್ಗದ ಬೀದಿಯ ಮನೆಯನ್ನೇ ಆರಿಸುತ್ತೇನೆ. ಹಳೆಯ ಖಾತೆ, ಹಳೆಯ ನಲ್ಲಿ, ಒಳಚರಂಡಿ, ನಡೆದುಹೋಗುವಷ್ಟು ದೂರದಲ್ಲಿ ಶಾಲೆ ಮತ್ತು ಸಂತೆ. ಬಡಾವಣೆಯ ಕರಪತ್ರದಲ್ಲಿ ಇವೆಲ್ಲ ‘ಬರಲಿವೆ’.

ಪ್ರಶ್ನೆ: ಉಪನಗರ ರೈಲು ಬಂದರೆ ಮುಕ್ಕಾಲು ಗಂಟೆಯಲ್ಲಿ ಬೆಂಗಳೂರು ಸೇರಬಹುದೆಂದು ಹೇಳಿ ಬೆಲೆ ಏರಿಸುತ್ತಿದ್ದಾರೆ. ನಿಜವೇ?

ಉತ್ತರ: ಬೆಂಗಳೂರು ಉಪನಗರ ರೈಲು ಯೋಜನೆಯ ನಾಲ್ಕು ಮಾರ್ಗಗಳಲ್ಲಿ ಈ ದಿಕ್ಕಿಗೆ ಬರುವುದು ಹೀಲಲಿಗೆಯಿಂದ ಹೊರಡುವ ಕನಕ ಮಾರ್ಗ. ಅದರ ಕೊನೆಯ ನಿಲ್ದಾಣ ರಾಜಾನುಕುಂಟೆ. ದೊಡ್ಡಬಳ್ಳಾಪುರಕ್ಕೆ ಅಲ್ಲಿಂದ ಮುಂದೆಯೂ ಸಾಕಷ್ಟು ದಾರಿಯಿದೆ. ಸಂಪಿಗೆ ಮಾರ್ಗ ಹೋಗುವುದು ದೇವನಹಳ್ಳಿಗೆ. ಈಗಿರುವುದು ಯಲಹಂಕದ ಮೂಲಕ ಹೋಗುವ ಮಾಮೂಲು ರೈಲುಗಳು ಮತ್ತು ಬಸ್ಸುಗಳು. ಮುಂಗಡ ಕೊಡುವ ಮೊದಲು ಒಂದು ಸೋಮವಾರ ಬೆಳಿಗ್ಗೆ ಇಲ್ಲಿಂದ ನಿಮ್ಮ ಕಚೇರಿಗೆ ಹೋಗಿ, ಸಂಜೆ ವಾಪಸು ಬಂದು, ಹಿಡಿದ ಹೊತ್ತನ್ನು ಬರೆದಿಟ್ಟುಕೊಳ್ಳಿ.

ಪ್ರಶ್ನೆ: ನಿವೇಶನದ ಮಾಲೀಕರು ತೀರಿಕೊಂಡಿದ್ದಾರೆ. ಅವರು ಬದುಕಿದ್ದಾಗ ಕೊಟ್ಟ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಆಧಾರದ ಮೇಲೆ ಬೇರೊಬ್ಬರು ನಮಗೆ ಕ್ರಯ ಮಾಡಿಕೊಡುತ್ತೇವೆ ಎನ್ನುತ್ತಾರೆ. ಎರಡು ಲಕ್ಷ ಮುಂಗಡ ಕೊಟ್ಟಿದ್ದೇವೆ.

ಉತ್ತರ: ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಜಿಪಿಎ ಅಲ್ಲಿಗೆ ಮುಗಿಯುತ್ತದೆ. ಜಿಪಿಎಯಿಂದಲೇ ಸ್ವತ್ತಿನ ಒಡೆತನ ವರ್ಗವಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲಿಯೇ ಸ್ಪಷ್ಟಪಡಿಸಿದೆ. ಕ್ರಯ ಮಾಡಿಕೊಡಬೇಕಾದವರು ಮಾಲೀಕರ ವಾರಸುದಾರರು. ಅವರು ಸಹಿ ಹಾಕಲು ಒಪ್ಪದಿದ್ದರೆ, ಕೊಟ್ಟ ಎರಡು ಲಕ್ಷವನ್ನು ಈ ವಾರವೇ ಬರವಣಿಗೆಯಲ್ಲಿ ಹಿಂದಕ್ಕೆ ಕೇಳಿ, ಆ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿಯೇ ಕಳಿಸಿ.