ಕೇಳಿದರೆ ಹೆಚ್ಚುಕಡಿಮೆ ಆಗುತ್ತದಾ?

ಪ್ರಶ್ನೆ: ಮುಂಬಯಿ ಹತ್ತಿರದ ಡೊಂಬಿವಲಿಯ ಸಣ್ಣ ಕ್ಲಿನಿಕ್ ಒಂದರಲ್ಲಿ ನರ್ಸ್ ಆಗಿದ್ದೇನೆ. ಕುಂದಾಪುರ ಕಡೆಯ ಹೋಟೆಲ್ ಹುಡುಗನೊಬ್ಬ ತಲೆನೋವು, ನಿದ್ದೆ ಇಲ್ಲ ಅಂತ ಪದೇ ಪದೇ ಬರುತ್ತಾನೆ. ಮೊನ್ನೆ ಬಿಪಿ ನೋಡುವಾಗ ‘ಸಾಕಾಗಿ ಹೋಗಿದೆ ಅಕ್ಕಾ, ಯಾರಿಗೂ ಹೇಳ್ಬೇಡಿ’ ಎಂದ. ನಿದ್ದೆ ಮಾತ್ರೆ ತಿಂಗಳಿಗಾಗುವಷ್ಟು ಒಟ್ಟಿಗೇ ಬೇಕಂತೆ. ಸಾಯುವ ಯೋಚನೆ ಇದೆಯಾ ಎಂದು ಕೇಳಿದರೆ, ಇಲ್ಲದ್ದನ್ನು ನಾನೇ ತಲೆಗೆ ತುಂಬಿದ ಹಾಗಾಗುತ್ತದಾ?

ಉತ್ತರ: ಆಗುವುದಿಲ್ಲ. ಈ ಭಯ ಡಾಕ್ಟರುಗಳಿಗೂ ಇದೆ, ಆದರೆ ಸಂಶೋಧನೆಗಳಲ್ಲಿ ಅದಕ್ಕೆ ಆಧಾರ ಸಿಕ್ಕಿಲ್ಲ. ಯಾರೋ ಒಬ್ಬರು ಕೇಳಿದರಲ್ಲ ಎಂದು ಎಷ್ಟೋ ಜನರಿಗೆ ಎದೆ ಹಗುರಾಗುತ್ತದೆ.

ಬೇರೆ ಪೇಷಂಟುಗಳಿಗೆ ಕೇಳಿಸದ ಕಡೆ ಕೂರಿಸಿ, ನೇರವಾಗಿ ಕೇಳಿ: ‘ಇಷ್ಟು ಬೇಜಾರಾದಾಗ ಸತ್ತೇ ಹೋಗೋಣ ಅನ್ನಿಸಿದ್ದುಂಟಾ ತಮ್ಮಾ?’ ‘ಹಂಗೆಲ್ಲ ಏನೂ ಇಲ್ಲ ಅಲ್ವಾ?’ ಅಂತ ಮಾತ್ರ ಕೇಳಬೇಡಿ. ಅದಕ್ಕೆ ಯಾರೇ ಆದರೂ ‘ಇಲ್ಲ’ ಎಂದೇ ಹೇಳುತ್ತಾರೆ. ಹೌದು ಎಂದರೆ, ಹೇಗೆ, ಯಾವಾಗ ಎಂದೆಲ್ಲ ಯೋಚಿಸಿದ್ದಾನಾ, ಹಿಂದೆ ಪ್ರಯತ್ನ ಮಾಡಿದ್ದನಾ ವಿಚಾರಿಸಿ. ಪೊಲೀಸ್ ಕೇಸಿನ ಹೆದರಿಕೆಗೆ ಇದನ್ನು ಮುಚ್ಚಿಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ, ಆತ್ಮಹತ್ಯೆಗೆ ಪ್ರಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿ ಇದ್ದವರು ಎಂದೇ ಪರಿಗಣಿಸುತ್ತದೆ, ಸಾಮಾನ್ಯವಾಗಿ ಶಿಕ್ಷೆಗೆ ಗುರಿಮಾಡುವುದಿಲ್ಲ. ಇದನ್ನು ಅವನಿಗೆ ಹೇಳಿ.

ಇನ್ನು ಗುಟ್ಟಿನ ವಿಷಯ. ಡಾಕ್ಟರಿಗೆ ಇವತ್ತೇ ಹೇಳಲೇಬೇಕು. ಆದರೆ ಬೆನ್ನ ಹಿಂದೆ ಬೇಡ. ‘ಇದನ್ನು ನಾನೊಬ್ಬಳೇ ಇಟ್ಟುಕೊಳ್ಳಲಾರೆ, ಡಾಕ್ಟರ್ ಹತ್ತಿರ ಮಾತಾಡ್ತೇನೆ’ ಎಂದು ಅವನಿಗೇ ಹೇಳಿ. ಮಾತ್ರೆ ಕೊಡುವುದಾದರೂ ಕೆಲವೇ ದಿನಗಳಷ್ಟು ಕೊಡಿ ಅಂತ ಡಾಕ್ಟರಲ್ಲಿ ಕೇಳಿಕೊಳ್ಳಿ. ಕೈಯಲ್ಲಿ ಜಾಸ್ತಿ ಇರದಿದ್ದರೇ ಕ್ಷೇಮ, ಆ ನೆಪದಲ್ಲಿ ಮತ್ತೆ ನಿಮ್ಮ ಕಣ್ಣಿಗೂ ಬೀಳುತ್ತಾನೆ.

ಇವತ್ತೋ ನಾಳೆಯೋ ಎಂಬಂಥ ಮಾತು ಬಂದರೆ ಒಬ್ಬನನ್ನೇ ರೂಮಿಗೆ ಕಳಿಸಬೇಡಿ. ಜೊತೆಗೆ ಜನ ಮಾಡಿ ದೊಡ್ಡ ಆಸ್ಪತ್ರೆಯ ಕ್ಯಾಶುವಲ್ಟಿಗೆ ಕಳಿಸಿ. ಅಷ್ಟು ತುರ್ತಿಲ್ಲದಿದ್ದರೆ ಮುಂಬಯಿಯ ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲೂ ರಾತ್ರಿ ಪುಕ್ಕಟೆಯಾಗಿ ಫೋನ್ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ಹೋಟೆಲಿನ ವ್ಯವಹಾರಕ್ಕೆ ಹಿಂದಿ ಸಾಕು, ಸಂಕಟ ಹೇಳಿಕೊಳ್ಳೋಕೆ ಸಾಲುವುದಿಲ್ಲ. ನಂಬರ್ ಚೀಟಿಯಲ್ಲಿ ಬರೆದುಕೊಟ್ಟು ಕಳಿಸುವ ಬದಲು, ಮೊದಲ ಸಲ ನಿಮ್ಮೆದುರೇ ಮಾಡಿಸಿ.

ಆಮೇಲೆ ಎರಡು ದಿನ ಬಿಟ್ಟು ನೀವೇ ಒಂದು ಫೋನ್ ಮಾಡಿ. ‘ಊಟ ಆಯ್ತಾ, ನಿದ್ದೆ ಬಂತಾ’ ಅಷ್ಟೇ ಸಾಕು. ಮುಂದಿನ ವಾರ ಇನ್ನೊಂದು. ಸುಮ್ನೆ ಅನ್ನಿಸಬಹುದು, ಆದರೆ ಹೀಗೆ ಬೆನ್ನುಬಿಡದೆ ವಿಚಾರಿಸುವುದು ಜೀವ ಉಳಿಸುವ ಕೆಲಸಗಳಲ್ಲಿ ಒಂದು. ಅವನು ಫೋನ್ ಎತ್ತದೇ ಹೋಗಬಹುದು. ಹಾಗಾಗಿ ಅವನು ಒಪ್ಪುವ ರೂಮ್‌ಮೇಟ್ ಒಬ್ಬನ ನಂಬರನ್ನೂ ಕೇಸ್ ಪೇಪರಿನಲ್ಲಿ ಈಗಲೇ ಬರೆದಿಟ್ಟುಕೊಳ್ಳಿ.