ಅಪ್ಪನ ಟೀ ಶರ್ಟಿಗೆ ಕತ್ತರಿ ಹಾಕುವ ಮುನ್ನ

ಪ್ರಶ್ನೆ: ತೀರಿಕೊಂಡ ಅಪ್ಪನ ಟೀ ಶರ್ಟುಗಳನ್ನೆಲ್ಲ ಜೋಡಿಸಿ ಒಂದು ಹೊದಿಕೆ ಹೊಲಿಸುವ ಆಸೆ. ದರ್ಜಿ ನೋಡಿ, ‘ಈ ಬಟ್ಟೆ ಎಳೆದಾಡುತ್ತೆ, ಚೌಕ ನೆಟ್ಟಗೆ ಬರಲ್ಲ’ ಎಂದರು. ದಾರಿ ಇದೆಯೇ?

ಉತ್ತರ: ದರ್ಜಿ ಹೇಳಿದ್ದು ನಿಜ. ಟೀ ಶರ್ಟಿನದು ಹೆಣಿಗೆ ಬಟ್ಟೆ. ಕತ್ತರಿಸಿದ ಕೂಡಲೇ ಅಂಚು ಸುರುಳಿಯಾಗುತ್ತದೆ, ಮಷಿನ್ನಿನಡಿ ಹಿಗ್ಗುತ್ತದೆ. ಇಸ್ತ್ರಿಯ ಬಿಸಿಗೆ ಅಂಟಿಕೊಳ್ಳುವ ಫ್ಯೂಸಿಂಗ್ ಬಟ್ಟೆಯನ್ನು ಹಿಂಬದಿಗೆ ಕೊಟ್ಟರೆ ಈ ತೊಂದರೆ ಇರುವುದಿಲ್ಲ. ಕಾಲರಿಗೆ ಹಾಕುವ ಗಟ್ಟಿಯದು ಬೇಡ, ಇರುವುದರಲ್ಲೇ ತೆಳುವಾದದ್ದನ್ನು ಕೇಳಿ.

ಮೊದಲು ಶರ್ಟುಗಳನ್ನು ಒಗೆದು ಪೂರ್ತಿ ಒಣಗಿಸಿ. ಫ್ಯಾಬ್ರಿಕ್ ಕಂಡೀಷನರ್ ಹಾಕಬೇಡಿ, ಅದರ ಜಿಡ್ಡಿನ ಮೇಲೆ ಫ್ಯೂಸಿಂಗ್ ಸರಿಯಾಗಿ ಕೂರುವುದಿಲ್ಲ. ಚಿತ್ರ ನಡುವೆ ಬರುವಂತೆ 14 ಇಂಚಿನ ಚೌಕವನ್ನು ಒರಟಾಗಿ ಕತ್ತರಿಸಿ, ಫ್ಯೂಸಿಂಗ್ ಅಂಟಿಸಿ, ಆರಿದ ಮೇಲೆ 12.5 ಇಂಚಿಗೆ ಅಳೆದು ಕತ್ತರಿಸಿ. ಈ ಕ್ರಮ ತಿರುವುಮುರುವಾದರೆ ಒಂದು ಚೌಕವೂ ಇನ್ನೊಂದಕ್ಕೆ ಹೊಂದುವುದಿಲ್ಲ. ಇಸ್ತ್ರಿಯನ್ನು ಒತ್ತಿ, ಎತ್ತಿ, ಪಕ್ಕಕ್ಕಿಡಿ; ಎಳೆದಾಡಿದರೆ ಬಟ್ಟೆ ಸೊಟ್ಟಗಾಗುತ್ತದೆ. ಅಚ್ಚು ಹಾಕಿದ ಅಕ್ಷರಗಳಿಗೆ ನೇರವಾಗಿ ಬಿಸಿ ತಾಗಿದರೆ ಅವು ಕರಗಿ ಇಸ್ತ್ರಿಗೇ ಮೆತ್ತಿಕೊಳ್ಳುತ್ತವೆ.

ಅಂಚಿನಲ್ಲಿ ಕಾಲು ಇಂಚು ಬಿಟ್ಟು ಹೊಲಿದರೆ ಅಡ್ಡಕ್ಕೆ 3, ಉದ್ದಕ್ಕೆ 4, ಒಟ್ಟು 12 ಚೌಕದಿಂದ 36ಕ್ಕೆ 48 ಇಂಚಿನ ಹೊದಿಕೆಯಾಗುತ್ತದೆ. ಕೂತಾಗ ಕಾಲ ಮೇಲೆ ಹಾಕಿಕೊಳ್ಳಲು ಸಾಕು, ಮಲಗಿ ಹೊದೆಯಲು ಸಾಲದು.

ಇನ್ನೊಂದು ಮಾತು. ಒಗೆದರೆ ಅಪ್ಪನ ಮೈವಾಸನೆ ಹೋಯಿತು, ಮತ್ತೆ ಬರುವುದಿಲ್ಲ. ಒಂದು ಶರ್ಟನ್ನು ಒಗೆಯದೆ ಜಿಪ್ ಕವರಿನಲ್ಲಿ ಎತ್ತಿಡಿ. ಒಡಹುಟ್ಟಿದವರಿದ್ದರೆ ಕತ್ತರಿಗೆ ಮೊದಲೇ ಅವರನ್ನು ಕೇಳುವುದು ಒಳ್ಳೆಯದು. ಈ ಕೆಲಸದಲ್ಲಿ ಹೊಲಿಗೆ ಕೆಟ್ಟದ್ದಕ್ಕಿಂತ ಮನಸ್ಸು ಕೆಟ್ಟದ್ದೇ ಹೆಚ್ಚು.

ಪ್ರಶ್ನೆ: ಅಜ್ಜಿಯ ಚಿತಾಭಸ್ಮವನ್ನೂ ಒಂದು ಹೂವನ್ನೂ ರೆಸಿನ್ (ಅಚ್ಚಿಗೆ ಹೊಯ್ದರೆ ಗಾಜಿನಂತೆ ಗಟ್ಟಿಯಾಗುವ ದ್ರವ) ಪದಕದಲ್ಲಿ ಕೂರಿಸಲು ಹೋದೆ. ಮೇಲ್ಮೈ ಅಂಟಂಟು, ಒಳಗೆಲ್ಲ ಗುಳ್ಳೆ, ಹೂವು ಕಂದು. ತಪ್ಪಿದ್ದೆಲ್ಲಿ?

ಉತ್ತರ: ಅಂಟು ಉಳಿದದ್ದು, ರೆಸಿನ್ನಿಗೆ ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಬೆರೆಸಿದ ಅಳತೆ ತಪ್ಪಿದ್ದರಿಂದ ಅಥವಾ ಸರಿಯಾಗಿ ಕಲಸದ್ದರಿಂದ. ಕೆಲವು ರೆಸಿನ್‌ಗಳ ಅಳತೆ ತೂಕದ್ದು, ಕೆಲವದು ಪರಿಮಾಣದ್ದು. ಡಬ್ಬಿಯ ಮೇಲಿನದನ್ನೇ ಪಾಲಿಸಿ. ಹಾರ್ಡನರ್ ಜಾಸ್ತಿ ಸುರಿದರೆ ಬೇಗ ಗಟ್ಟಿಯಾಗುತ್ತದೆ ಎನ್ನುವುದು ಸುಳ್ಳು, ಮೆತ್ತಗೇ ಉಳಿಯುತ್ತದೆ. ಲೋಟದ ತಳ, ಅಂಚು ಕೆರೆಯುತ್ತ ಮೂರ್ನಾಲ್ಕು ನಿಮಿಷ ನಿಧಾನವಾಗಿ ಕಲಸಿ. ಗಡಿಬಿಡಿಯಲ್ಲಿ ತಿರುವಿದರೆ ಗಾಳಿ ಸೇರುತ್ತದೆ.

ಗುಳ್ಳೆಗೆ ಭಸ್ಮವೂ ಕಾರಣ, ಅದರ ಕಣಗಳ ನಡುವೆ ಗಾಳಿ ಇರುತ್ತದೆ. ಸಣ್ಣ ಜರಡಿಯಲ್ಲಿ ಸೋಸಿ, ಕೆಲವೇ ಹನಿ ರೆಸಿನ್ನಿನಲ್ಲಿ ಮೊದಲು ನೆನೆಸಿ, ಆಮೇಲೆ ಅಚ್ಚಿಗೆ ಹಾಕಿ. ಒಂದು ಪದಕಕ್ಕೆ ಚಿಟಿಕೆ ಸಾಕು, ಮಿಕ್ಕದ್ದನ್ನು ತೆಗೆದಿಡಿ. ಯುವಿ ದೀಪದಲ್ಲಿ ಗಟ್ಟಿಯಾಗುವ ರೆಸಿನ್ ಇಲ್ಲಿ ಬೇಡ, ಭಸ್ಮದ ಮರೆಗೆ ಬೆಳಕು ತಲುಪುವುದಿಲ್ಲ.

ಹೂವಿನಲ್ಲಿ ತೇವವಿತ್ತು. ಮುಚ್ಚಿದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಹರಳುಗಳ ನಡುವೆ ಒಂದು ವಾರವಾದರೂ ಇಡಿ. ಮುಟ್ಟಿದರೆ ಕಾಗದದಂತೆ ಸದ್ದಾಗಬೇಕು.

ಈಗಿರುವ ಪದಕ ಮೇಲಷ್ಟೇ ಅಂಟಾಗಿದ್ದರೆ ಸ್ಪಿರಿಟ್‌ನಿಂದ ಒರೆಸಿ, ಸರಿಯಾದ ಅಳತೆಯಲ್ಲಿ ಕಲಸಿದ ತೆಳು ಪದರ ಕೊಡಿ. ಉಗುರು ಒತ್ತಿದರೆ ಒಳಗೂ ಇಳಿಯುವಂತಿದ್ದರೆ ಅದು ಸರಿಹೋಗದು. ಮುಂದಿನ ಸಲ ಬೇರೆ ಯಾವುದಾದರೂ ಬೂದಿಯಲ್ಲಿ ಒಂದು ಪದಕ ಮಾಡಿ ನೋಡಿ. ಗ್ಲೌಸ್ ಧರಿಸಿ, ಕಿಟಕಿ ತೆರೆದಿಡಿ. ಬಿಸಿಲು ಬೀಳುವ ಕಡೆ ಇಟ್ಟರೆ ಎಂಥ ರೆಸಿನ್ನೂ ಹಳದಿಯಾಗುತ್ತದೆ.

ಪ್ರಶ್ನೆ: ತಾತನ ಒಂದೇ ಒಂದು ಫೋಟೊ ಚೌಕಟ್ಟಿನ ಗಾಜಿಗೆ ಕಚ್ಚಿಕೊಂಡಿದೆ. ಬಿಡಿಸುವುದು ಹೇಗೆ?

ಉತ್ತರ: ಬಿಡಿಸಬೇಡಿ. ತೇವಕ್ಕೆ ಫೋಟೊದ ಮೇಲಿನ ಜೆಲಾಟಿನ್ ಪದರ ಮೆತ್ತಗಾಗಿ ಗಾಜಿಗೆ ಅಂಟಿದೆ. ಎಳೆದರೆ ಮುಖ ಗಾಜಿನಲ್ಲೇ ಉಳಿಯುತ್ತದೆ. ಗಾಜಿನ ಸಮೇತ ಸ್ಕ್ಯಾನರ್ ಮೇಲೆ ಬೋರಲು ಇಟ್ಟು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, ಅದರ ಪ್ರಿಂಟನ್ನು ಗೋಡೆಗೆ ಹಾಕಿ. ಈ ಸಲ ಗಾಜಿಗೂ ಪ್ರಿಂಟಿಗೂ ನಡುವೆ ಸಂದು ಉಳಿಯುವಂತೆ ಮೌಂಟ್ ಬೋರ್ಡ್ (ದಪ್ಪ ರಟ್ಟಿನ ಅಂಚು) ಕೊಡಿಸಿ. ಮೂಲ ಫೋಟೊ ಗಾಜಿನೊಂದಿಗೇ ಕತ್ತಲೆಯ, ಒಣ ಜಾಗದಲ್ಲಿರಲಿ.