ಪ್ರತಿ: ಟ್ಯಾಂಗೋ ಹಾಡುಗಳಲ್ಲಿ ಅಷ್ಟೊಂದು ಕಷ್ಟ ಯಾಕೆ?

ನಮಸ್ಕಾರ. ಟ್ಯಾಂಗೋ ಕುಣಿತ ಇಷ್ಟು ಬೆಡಗಿನದು, ಹಾಡು ಮಾತ್ರ ಬಡತನ, ಬಾಡಿದ ಚೆಲುವು ಅಂತಲೇ ಕೊರಗುತ್ತದಲ್ಲ, ಯಾಕೆ ಅಂತ ಕೇಳಿದ್ದೀರಿ. ಟ್ಯಾಂಗೋ ಬೆಳೆದದ್ದೇ ಅರ್ಜೆಂಟೀನಾದ ಬ್ಯೂನಸ್ ಐರಿಸ್, ಉರುಗ್ವೆಯ ಮಾಂಟೆವಿಡಿಯೋಗಳ ಬಡ ಕೇರಿಗಳಲ್ಲಿ. ಹಡಗಿನಲ್ಲಿ ಬಂದಿಳಿದ ವಲಸಿಗರು ವಠಾರದ ಒಂದೇ ಕೋಣೆಯಲ್ಲಿ ಇಡೀ ಸಂಸಾರ ನಡೆಸುತ್ತಿದ್ದರು. ಅಲ್ಲಿನ ಹುಡುಗಿಗೆ ಕ್ಯಾಬರೆಯ (ರಾತ್ರಿ ಕುಡಿತ-ಕುಣಿತದ ಕ್ಲಬ್ಬಿನ) ದೀಪ ಕಂಡರೆ ಆಸೆ ಆಗದೆ ಇರುತ್ತಾ?

ಟ್ಯಾಂಗೋ ಹಾಡು ಬರೆಯುತ್ತಿದ್ದ ಎನ್ರಿಕೆ ಸಾಂತೋಸ್ ಡಿಸೆಪೊಲೊ ಅವರ ‘ಎಸ್ತಾ ನೊಚೆ ಮೆ ಎಂಬೊರಾಚೊ’ (1928) ಕೇಳಿ. ಹೆಸರಿನ ಅರ್ಥ ‘ಈ ರಾತ್ರಿ ಕುಡಿದು ಬೀಳ್ತೀನಿ’. ಬೆಳಗಿನ ಜಾವ ಒಬ್ಬ ಹೆಂಗಸು ಕ್ಯಾಬರೆಯಿಂದ ಒಂಟಿಯಾಗಿ ಹೊರಗೆ ಬರುತ್ತಾಳೆ. ಸೊರಗಿದ್ದಾಳೆ, ಆದರೂ ಎಳೆ ಹುಡುಗಿಯ ಹಾಗೆ ಉಡುಪು. ಹತ್ತು ವರ್ಷದ ಹಿಂದೆ ಇವಳಿಗಾಗಿಯೇ, ಈ ಹಾಡಿನಲ್ಲಿ ಕತೆ ಹೇಳುವವನು ತನ್ನ ಹೆತ್ತ ತಾಯಿಯ ಅನ್ನ ಕಿತ್ತುಕೊಂಡಿದ್ದ! ನನಗೆ ಹೊಟ್ಟೆ ಕಿವುಚುವುದು ಅವಳ ರೂಪಕ್ಕಿಂತ ಜಾಸ್ತಿ ಆ ತಾಯಿಯ ಪಾಡಿಗೆ.

ಬರೀ ಕಷ್ಟದ ಹಾಡು ಬೇಕಿದ್ದರೆ ಅವರದೇ ‘ಯೀರಾ, ಯೀರಾ’. ಟ್ಯಾಂಗೋ ಗಾಯಕ ಕಾರ್ಲೋಸ್ ಗಾರ್ಡೆಲ್ 1930ರಲ್ಲಿ ಹಾಡಿದ್ದನ್ನೇ ಹುಡುಕಿ. ಊಟದ ಕಾಸಿಗಾಗಿ ಅಲೆದು ಬೂಟು ಸವೆದಿರುತ್ತದೆ, ಒತ್ತಿದ ಕರೆಗಂಟೆಗಳಲ್ಲೆಲ್ಲಾ ಬ್ಯಾಟರಿ ಸತ್ತಿರುತ್ತದೆ.